ಬದಲಾಗದಿರುವುದನ್ನು ಮೊದಲು ಹುಡುಕಿ: ನೌಕರಿ ಪರೀಕ್ಷೆಯ ಗಣಿತಕ್ಕೆ ಸಿದ್ಧತೆ

(ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಅಭ್ಯರ್ಥಿಗಳಿಗಾಗಿ ಕಾರವಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗಣಿತದ ಪುಸ್ತಕವನ್ನು ಮತ್ತೆ ತೆರೆದಿಲ್ಲ ಎಂದು ಭಾವಿಸಿಕೊಂಡೇ ನಾನು ಮಾತನಾಡುತ್ತೇನೆ. ಪಿಯುಸಿಯಲ್ಲಿ ಕಲಾ ವಿಭಾಗ, ಆಮೇಲೆ ಬಿ.ಎ. ಅಥವಾ ಬಿ.ಕಾಂ., ಅನಂತರ ಕೆಲ ಕಾಲ ಮನೆಯ ಕೆಲಸವೋ ಅಂಗಡಿಯ ಲೆಕ್ಕಪತ್ರವೋ. ಈಗ ಅರ್ಜಿ ತುಂಬುವಾಗ ಪಠ್ಯಕ್ರಮದಲ್ಲಿ ಗಣಿತ ಕಂಡೊಡನೆ ಮನಸ್ಸು ಹಿಂಜರಿಯುತ್ತದೆ. ಜೊಯಿಡಾ, ಹಳಿಯಾಳ, ಯಲ್ಲಾಪುರದಿಂದ ಬಂದವರಿಗೂ ಅಂಕೋಲಾ, ಕುಮಟಾ, ಹೊನ್ನಾವರದವರಿಗೂ ಈ ಹಿಂಜರಿಕೆ ಒಂದೇ ಬಗೆಯದು. ಧಾರವಾಡಕ್ಕೆ ಹೋಗಿ ಕೋಣೆ ಹಿಡಿದು ತರಬೇತಿ ಪಡೆಯುವ ಅನುಕೂಲ ಎಲ್ಲರ ಮನೆಯಲ್ಲೂ ಇರುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ ಆ ಅನುಮತಿ ಸಿಗುವುದು ಇನ್ನೂ ಕಷ್ಟ. ಆದ್ದರಿಂದ ಮನೆಯಲ್ಲೇ ಕುಳಿತು, ಶಾಲೆಯ ಪುಸ್ತಕಗಳನ್ನೇ ಇಟ್ಟುಕೊಂಡು ಗಣಿತದ ಭಾಗಕ್ಕೆ ಸಿದ್ಧರಾಗುವುದು ಹೇಗೆ ಎಂಬುದಷ್ಟೇ ಇಂದಿನ ವಿಷಯ. ಇಡೀ ಪಠ್ಯಕ್ರಮವನ್ನು ನಾನು ವಿವರಿಸುವುದಿಲ್ಲ. ಅದರ ಬಹುಭಾಗವನ್ನು ಹಿಡಿದಿಟ್ಟಿರುವ ಒಂದೇ ಒಂದು ಯೋಚನಾ ಕ್ರಮವನ್ನು ಬಿಡಿಸಿ ಹೇಳುತ್ತೇನೆ.

ಪರೀಕ್ಷೆ ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ಮೊದಲು ಅಂಕಿಗಳಲ್ಲಿ ನೋಡೋಣ. ಸಿಬ್ಬಂದಿ ನೇಮಕಾತಿ ಆಯೋಗದ ಸಿ.ಜಿ.ಎಲ್. (ಪದವಿ ಮಟ್ಟದ ಸಂಯುಕ್ತ) ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳಿದ್ದು, ಅವುಗಳಲ್ಲಿ 25 ಗಣಿತದವು. ರೈಲ್ವೆಯ ಎನ್.ಟಿ.ಪಿ.ಸಿ. (ತಾಂತ್ರಿಕೇತರ ಹುದ್ದೆಗಳ) ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆಗಳು, ಗಣಿತದವು 30. ಗ್ರಾಮೀಣ ಬ್ಯಾಂಕುಗಳ ಆಫೀಸ್ ಅಸಿಸ್ಟೆಂಟ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ 45 ನಿಮಿಷಕ್ಕೆ 80 ಪ್ರಶ್ನೆಗಳಿದ್ದು, ಅವುಗಳಲ್ಲಿ ಅರ್ಧ, ಅಂದರೆ 40, ಸಂಖ್ಯೆಗಳಿಗೆ ಸಂಬಂಧಿಸಿದವು. ನಮ್ಮ ಜಿಲ್ಲೆಯ ಅನೇಕರು ಕಣ್ಣಿಟ್ಟಿರುವ ಅಣುವಿದ್ಯುತ್ ನಿಗಮದ ಸ್ಟೈಪೆಂಡರಿ ಟ್ರೈನಿ (ಭತ್ಯೆ ಪಡೆಯುತ್ತ ತರಬೇತಿ ಪಡೆಯುವವರ) ನೇಮಕಾತಿಯ ಪ್ರಾಥಮಿಕ ಪರೀಕ್ಷೆಯ 50 ಪ್ರಶ್ನೆಗಳಲ್ಲಿ 20 ಗಣಿತಕ್ಕೆ ಮೀಸಲು. ಕೆ.ಎ.ಎಸ್. ಪೂರ್ವಭಾವಿಯ ಎರಡನೆಯ ಪತ್ರಿಕೆಯಲ್ಲಿ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆಗಳಿರುತ್ತವೆ; ಅಲ್ಲಿ ಬರುವ ಲೆಕ್ಕಗಳು ಹತ್ತನೆಯ ತರಗತಿಯ ಮಟ್ಟದವು ಎಂದು ಪಠ್ಯಕ್ರಮವೇ ಹೇಳುತ್ತದೆ. ಈ ವಿನ್ಯಾಸಗಳು ಕಾಲಕಾಲಕ್ಕೆ ಬದಲಾಗುವುದರಿಂದ ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಸ್ವತಃ ಓದಿಕೊಳ್ಳಬೇಕು, ಇನ್ನೊಬ್ಬರ ಮಾತನ್ನು ನಂಬಿ ಕೂರಬಾರದು.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಸಿ.ಜಿ.ಎಲ್.ನಲ್ಲಿ ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು, ಎನ್.ಟಿ.ಪಿ.ಸಿ.ಯಲ್ಲಿ 54 ಸೆಕೆಂಡು ಸಿಗುತ್ತದೆ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯಲ್ಲಿ 34 ಸೆಕೆಂಡೂ ಸಿಗುವುದಿಲ್ಲ. ಶಾಲೆಯ ಪರೀಕ್ಷೆಯಲ್ಲಿ ದತ್ತ, ಸೂತ್ರ, ಹಂತಗಳು ಎಂದು ಬರೆಯುತ್ತ ಹೋದರೆ ಉತ್ತರ ತಪ್ಪಿದರೂ ಅರ್ಧ ಅಂಕ ಸಿಗುತ್ತಿತ್ತು. ಇಲ್ಲಿ ಹಂತಗಳನ್ನು ಯಾರೂ ನೋಡುವುದಿಲ್ಲ. ವಿಷಯ ಅದೇ ಏಳು, ಎಂಟು, ಒಂಬತ್ತನೆಯ ತರಗತಿಯದಾದರೂ ಪ್ರಶ್ನೆಯನ್ನು ಓದುತ್ತಿರುವಾಗಲೇ ಅದರ ಒಡಲಿನಲ್ಲಿರುವ ಸಂಬಂಧ ಕಾಣಬೇಕು. ಆ ಸಂಬಂಧ ಕಾಣದವರು ಮುನ್ನೂರು ಸೂತ್ರಗಳನ್ನು ಬಾಯಿಪಾಠ ಮಾಡಿದರೂ ಯಾವ ಸೂತ್ರ ಯಾವ ಪ್ರಶ್ನೆಗೆ ಎಂದು ಹುಡುಕುವುದರಲ್ಲೇ ಆ ಸೆಕೆಂಡುಗಳನ್ನು ಕಳೆಯುತ್ತಾರೆ. ನನ್ನ ಸಲಹೆ ಇಷ್ಟು: ಪ್ರಶ್ನೆಯನ್ನು ಓದುವಾಗ, ಇಲ್ಲಿ ಏನೇನು ಬದಲಾಗುತ್ತಿದೆ ಎಂದು ಕೇಳುವುದಕ್ಕೆ ಮೊದಲು, ಇಲ್ಲಿ ಯಾವುದು ಬದಲಾಗುತ್ತಿಲ್ಲ ಎಂದು ಕೇಳಿಕೊಳ್ಳಿ.

ಈ ಕಡಲತೀರದಲ್ಲಿ ಎಲ್ಲರಿಗೂ ಗೊತ್ತಿರುವ ಒಣಮೀನಿನಿಂದಲೇ ಆರಂಭಿಸುತ್ತೇನೆ. ಹಸಿ ಮೀನಿನ ತೂಕದಲ್ಲಿ ಶೇ. 75ರಷ್ಟು ನೀರು, ಒಣಗಿಸಿದ ಮೀನಿನಲ್ಲಿ ಶೇ. 20ರಷ್ಟು ನೀರು ಇರುತ್ತದೆ ಎಂದಿಟ್ಟುಕೊಳ್ಳಿ. ಉಪ್ಪಿನ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. 100 ಕಿಲೋ ಹಸಿ ಮೀನಿನಿಂದ ಎಷ್ಟು ಒಣಮೀನು ಸಿಗುತ್ತದೆ? ಅವಸರದಲ್ಲಿರುವವರು 75ರಿಂದ 20 ಕಳೆದು 55 ಎನ್ನುತ್ತಾರೆ, 55 ಕಿಲೋ ನೀರು ಹೋಯಿತು, ಉಳಿದದ್ದು 45 ಕಿಲೋ ಎಂದು ಗುರುತು ಹಾಕುತ್ತಾರೆ. ಪ್ರಶ್ನೆ ರಚಿಸುವವರಿಗೆ ಈ ಅವಸರ ಚೆನ್ನಾಗಿ ಗೊತ್ತಿರುವುದರಿಂದ 45 ಎಂಬ ಆಯ್ಕೆ ಅಲ್ಲಿ ಇದ್ದೇ ಇರುತ್ತದೆ. ತಪ್ಪು ಎಲ್ಲಾಯಿತು? ಮೊದಲಿನ ಶೇ. 75 ಎಂಬುದು 100 ಕಿಲೋದ ಮೇಲಿನದು, ಎರಡನೆಯ ಶೇ. 20 ಎಂಬುದು ಒಣಗಿದ ಮೇಲೆ ಉಳಿದ, ನಮಗಿನ್ನೂ ತಿಳಿಯದ ತೂಕದ ಮೇಲಿನದು. ಬೇರೆ ಬೇರೆ ಮೊತ್ತಗಳ ಮೇಲಿನ ಶೇಕಡಾಗಳನ್ನು ಒಂದರಿಂದೊಂದು ಕಳೆಯಲು ಬರುವುದಿಲ್ಲ. ಈಗ ನಮ್ಮ ಪ್ರಶ್ನೆಯನ್ನು ಕೇಳೋಣ. ಬಿಸಿಲಿಗೆ ಹರವಿದಾಗ ಯಾವುದು ಬದಲಾಗಲಿಲ್ಲ? ನೀರು ಹೋಯಿತು, ಒಟ್ಟು ತೂಕ ಇಳಿಯಿತು, ಆದರೆ ಮೀನಿನ ಗಟ್ಟಿ ಭಾಗ ಮೊದಲೂ 25 ಕಿಲೋ, ಆಮೇಲೂ 25 ಕಿಲೋ. ಒಣಮೀನಿನಲ್ಲಿ ನೀರು ಶೇ. 20 ಆದರೆ ಗಟ್ಟಿ ಭಾಗ ಶೇ. 80. ಯಾವ ತೂಕದ ಶೇ. 80 ಎಂಬುದು 25 ಕಿಲೋ ಆಗುತ್ತದೆಯೋ ಅದೇ ಉತ್ತರ, 31.25 ಕಿಲೋ.

ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ನಡೆಯುವುದೂ ಇದೇ ಲೆಕ್ಕ. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5ರಷ್ಟು ಉಪ್ಪಿರುತ್ತದೆ. 1,000 ಕಿಲೋ ನೀರನ್ನು ಆಗರಕ್ಕೆ ಬಿಟ್ಟು, ಉಪ್ಪಿನ ಪ್ರಮಾಣ ಶೇ. 25 ಆಗುವವರೆಗೆ ಬಿಸಿಲಿಗೆ ಬಿಟ್ಟರೆ ಎಷ್ಟು ನೀರು ಆವಿಯಾಗಿರುತ್ತದೆ? ಉಪ್ಪು 35 ಕಿಲೋ, ಅದು ಎಲ್ಲಿಗೂ ಹೋಗಿಲ್ಲ. ಅದು ಶೇ. 25, ಅಂದರೆ ಕಾಲು ಭಾಗವಾದರೆ ಒಟ್ಟು ದ್ರಾವಣ 140 ಕಿಲೋ. ಆವಿಯಾದದ್ದು 860 ಕಿಲೋ. ಮೀನೂ ಇಲ್ಲ, ಉಪ್ಪೂ ಇಲ್ಲ ಎನಿಸುವ ಪ್ರಶ್ನೆಯೊಂದನ್ನು ನೋಡಿ. ಒಂದು ಕಚೇರಿಯಲ್ಲಿ 60 ಜನ ನೌಕರರು, ಅವರಲ್ಲಿ ಶೇ. 40 ಮಹಿಳೆಯರು, ಹೊಸದಾಗಿ ಕೆಲವು ಪುರುಷರು ಮಾತ್ರ ಸೇರಿದ್ದರಿಂದ ಮಹಿಳೆಯರ ಪ್ರಮಾಣ ಶೇ. 30 ಆಯಿತು, ಸೇರಿದವರೆಷ್ಟು? ಮಹಿಳೆಯರು ಮೊದಲೂ 24, ಈಗಲೂ 24. ಈಗ ಅದು ಶೇ. 30 ಎಂದಮೇಲೆ ಒಟ್ಟು 80 ಜನ, ಸೇರಿದವರು 20. ಮೂರು ಪ್ರಶ್ನೆಗಳು ಪುಸ್ತಕದಲ್ಲಿ ಮೂರು ಬೇರೆ ಅಧ್ಯಾಯಗಳಲ್ಲಿ ಇರಬಹುದು, ಆದರೆ ಬಿಡಿಸುವ ಕೈ ಒಂದೇ.

ವಯಸ್ಸಿನ ಲೆಕ್ಕಗಳಲ್ಲಿ ಬದಲಾಗದಿರುವುದು ಇಬ್ಬರ ನಡುವಿನ ಅಂತರ. ತಂದೆ ಮತ್ತು ಮಗನ ಈಗಿನ ವಯಸ್ಸುಗಳ ಅನುಪಾತ 7:3, ಹತ್ತು ವರ್ಷಗಳ ನಂತರ 9:5 ಎಂದರೆ ಎರಡು ಕಡೆಯೂ ಅಂತರ ನಾಲ್ಕು ಭಾಗವೇ ಇದೆ. ಹಾಗಾದರೆ ಎರಡು ಕಡೆಯ ಭಾಗದ ಅಳತೆಯೂ ಒಂದೇ. ತಂದೆ 7 ಭಾಗದಿಂದ 9 ಭಾಗಕ್ಕೆ ಹೋಗಲು 10 ವರ್ಷ ಹಿಡಿಯಿತು, ಅಂದರೆ ಒಂದು ಭಾಗ 5 ವರ್ಷ. ವಯಸ್ಸುಗಳು 35 ಮತ್ತು 15. ಎಕ್ಸ್, ವೈ ಎಂದು ಸಮೀಕರಣ ಬರೆಯುವ ಅಗತ್ಯವೇ ಬರಲಿಲ್ಲ. ಅಂತರದ ಭಾಗಗಳು ಎರಡು ಕಡೆ ಸಮವಾಗಿಲ್ಲದಿದ್ದರೆ ಮೊದಲು ಗುಣಿಸಿ ಸಮ ಮಾಡಿಕೊಳ್ಳಬೇಕು, ಅಷ್ಟೇ.

ಬೆಲೆಯೇರಿಕೆಯ ಲೆಕ್ಕದಲ್ಲಿ ಬದಲಾಗದಿರುವುದು ಖರ್ಚು. ಬಂಗಡೆಯ ಬೆಲೆ ಶೇ. 25 ಏರಿದೆ, ಮನೆಯಲ್ಲಿ ಮೀನಿಗೆ ತೆಗೆದಿಟ್ಟ ಹಣ ಅಷ್ಟೇ ಇದೆ. ಹಾಗಾದರೆ ಕೊಳ್ಳುವ ಪ್ರಮಾಣ ಎಷ್ಟು ಇಳಿಸಬೇಕು? ಬೆಲೆ 5/4 ಆದರೆ ಪ್ರಮಾಣ 4/5 ಆಗಬೇಕು, ಅಂದರೆ ಐದರಲ್ಲಿ ಒಂದು ಭಾಗ, ಶೇ. 20, ಕಡಿಮೆ. ಇದೇ ವೇಷ ಬದಲಿಸಿಕೊಂಡು ಬಸ್ಸಿನ ಲೆಕ್ಕವಾಗಿ ಬರುತ್ತದೆ. ಮಳೆಗಾಲದಲ್ಲಿ ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸು ತನ್ನ ರೂಢಿಯ ವೇಗದ 4/5ರಷ್ಟು ವೇಗದಲ್ಲಿ ಹೋಗಿ 15 ನಿಮಿಷ ತಡವಾಗಿ ತಲುಪಿದರೆ ರೂಢಿಯ ಸಮಯ ಎಷ್ಟು? ದಾರಿಯ ಉದ್ದ ಬದಲಾಗಿಲ್ಲ. ವೇಗ 4/5 ಆದಾಗ ಸಮಯ 5/4 ಆಗುತ್ತದೆ. ಹೆಚ್ಚಾದ ಕಾಲು ಭಾಗವೇ 15 ನಿಮಿಷ. ರೂಢಿಯ ಸಮಯ 60 ನಿಮಿಷ. ಮೀನಿನ ಬೆಲೆಯ ಲೆಕ್ಕವನ್ನೂ ಬಸ್ಸಿನ ಲೆಕ್ಕವನ್ನೂ ಅಕ್ಕಪಕ್ಕದಲ್ಲಿಟ್ಟು ಒಮ್ಮೆ ಬಿಡಿಸಿದವರು ಮುಂದೆ ಈ ಬಗೆಯ ಪ್ರಶ್ನೆಗೆ ಪೆನ್ನು ಎತ್ತುವುದೇ ಅಪರೂಪ.

ಕೆಲಸ ಮತ್ತು ಸಮಯದ ಲೆಕ್ಕದಲ್ಲಿ ಕೆಲಸದ ಒಟ್ಟು ಪ್ರಮಾಣ ಸ್ಥಿರ. ಶಿರಸಿಯ ಕಡೆಯ ಒಂದು ಮನೆಯಲ್ಲಿ ಆ ವರ್ಷದ ಅಡಿಕೆಯನ್ನು ಒಬ್ಬರೇ ಸುಲಿದರೆ 12 ದಿನ, ಇನ್ನೊಬ್ಬರೇ ಸುಲಿದರೆ 18 ದಿನ ಬೇಕು ಎಂದಿಟ್ಟುಕೊಳ್ಳಿ. 1/12, 1/18 ಎಂದು ಭಿನ್ನರಾಶಿ ಕೂಡಿಸುವುದಕ್ಕಿಂತ, 12 ಮತ್ತು 18ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 36 ಆದ್ದರಿಂದ ಒಟ್ಟು ಕೆಲಸ 36 ಬುಟ್ಟಿ ಎಂದುಕೊಳ್ಳುವುದು ಸುಲಭ. ಮೊದಲನೆಯವರು ದಿನಕ್ಕೆ 3 ಬುಟ್ಟಿ, ಎರಡನೆಯವರು 2 ಬುಟ್ಟಿ, ಇಬ್ಬರೂ ಸೇರಿ 5 ಬುಟ್ಟಿ; ಬೇಕಾದ ದಿನಗಳು 7 1/5. ಮಧ್ಯದಲ್ಲಿ ಒಬ್ಬರು ಕೆಲಸ ಬಿಟ್ಟುಹೋದರೂ, ಮೂರನೆಯವರು ಬಂದು ಸೇರಿದರೂ, ತೊಟ್ಟಿಗೆ ನೀರು ತುಂಬುವ ಮತ್ತು ಸೋರುವ ನಲ್ಲಿಗಳ ಲೆಕ್ಕ ಬಂದರೂ ಇದೇ ಬುಟ್ಟಿಗಳನ್ನು ಎಣಿಸುತ್ತ ಹೋಗಬಹುದು. ರೈಲಿನ ಲೆಕ್ಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿರುವ, ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ ಹತ್ತಿರ ಹತ್ತಿರ 2,066 ಮೀಟರ್ ಇದೆ. 434 ಮೀಟರ್ ಉದ್ದದ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಅದನ್ನು ಪೂರ್ತಿ ದಾಟಬೇಕಾದರೆ ಸೇತುವೆಯ ಜೊತೆಗೆ ತನ್ನ ಉದ್ದವನ್ನೂ ಕ್ರಮಿಸಬೇಕು ಎಂಬುದು ನೆನಪಿದ್ದರೆ ಸಾಕು: 2,500 ಮೀಟರ್, ಸೆಕೆಂಡಿಗೆ 20 ಮೀಟರ್, 125 ಸೆಕೆಂಡು.

ಸರಾಸರಿ ವೇಗದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚೆನ್ನಾಗಿ ಓದಿದವರೂ ಇಲ್ಲಿ ಎಡವುವುದನ್ನು ನಾನು ಕಂಡಿದ್ದೇನೆ. ದೇವಿಮನೆ ಘಟ್ಟದ ದಾರಿಯಲ್ಲಿ ಶಿರಸಿಯಿಂದ ಕುಮಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಇಳಿಯುವಾಗ ಗಂಟೆಗೆ 40, ಹತ್ತುವಾಗ 30 ಕಿಲೋಮೀಟರ್ ವೇಗವಾದರೆ ಸರಾಸರಿ 35 ಎಂದು ಹೇಳಬಾರದು. ಹೋಗಲು ಒಂದೂವರೆ ಗಂಟೆ, ಬರಲು ಎರಡು ಗಂಟೆ. 120 ಕಿಲೋಮೀಟರಿಗೆ ಮೂರೂವರೆ ಗಂಟೆ. ಸರಾಸರಿ 34 2/7. ನಿಧಾನವಾಗಿ ಹೋದ ಹೊತ್ತು ಹೆಚ್ಚಾದ್ದರಿಂದ ಸರಾಸರಿ ನಿಧಾನದ ಕಡೆಗೆ ವಾಲುತ್ತದೆ. ಈ ವಾಲುವಿಕೆ ಅರ್ಥವಾದರೆ ಮಿಶ್ರಣದ ಅಧ್ಯಾಯ ತಾನಾಗಿ ತೆರೆದುಕೊಳ್ಳುತ್ತದೆ. ಕಿಲೋಗೆ 420 ರೂಪಾಯಿಯ ಅಡಿಕೆಯನ್ನೂ 360 ರೂಪಾಯಿಯ ಅಡಿಕೆಯನ್ನೂ ಬೆರೆಸಿ ಸರಾಸರಿ 380 ಆಗಬೇಕಾದರೆ, ದುಬಾರಿಯ ಒಂದು ಕಿಲೋ 40 ರೂಪಾಯಿ ಮೇಲಕ್ಕೆಳೆಯುತ್ತದೆ, ಅಗ್ಗದ ಒಂದು ಕಿಲೋ 20 ರೂಪಾಯಿ ಕೆಳಕ್ಕೆಳೆಯುತ್ತದೆ. ಎರಡೂ ಸಮವಾಗಲು ದುಬಾರಿಯದು ಒಂದು ಪಾಲು, ಅಗ್ಗದ್ದು ಎರಡು ಪಾಲು ಇರಬೇಕು.

ಈಗ ಸುಲಭೋಪಾಯಗಳ ಬಗ್ಗೆ. ಐದು ಸೆಕೆಂಡಿನಲ್ಲಿ ಉತ್ತರ ಎಂಬ ತಲೆಬರಹದ ವೀಡಿಯೋಗಳನ್ನು ನೀವೆಲ್ಲ ನೋಡಿರುತ್ತೀರಿ. ಅವುಗಳಲ್ಲಿ ಹೇಳುವುದು ಸುಳ್ಳಲ್ಲ, ಆದರೆ ಸಂಖ್ಯೆ ಸ್ವಲ್ಪ ಬದಲಾದರೂ ಆ ಉಪಾಯ ಕೈಕೊಡುತ್ತದೆ ಎಂಬುದನ್ನು ಅಲ್ಲಿ ಹೇಳುವುದು ಕಡಿಮೆ. ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ವ್ಯತ್ಯಾಸದ ಪ್ರಶ್ನೆಯನ್ನೇ ನೋಡಿ. ಎರಡು ವರ್ಷಕ್ಕೆ ಒಂದು ಸೂತ್ರ, ಮೂರು ವರ್ಷಕ್ಕೆ ಇನ್ನೊಂದು, ಆರು ತಿಂಗಳಿಗೊಮ್ಮೆ ಬಡ್ಡಿ ಸೇರಿಸಿದರೆ ಮತ್ತೊಂದು ಎಂದು ಬರೆದುಕೊಂಡು ಕಂಠಪಾಠ ಮಾಡುವವರಿದ್ದಾರೆ. ಸೊಸೈಟಿಯಲ್ಲಿ 20,000 ರೂಪಾಯಿ ಸಾಲ, ಶೇ. 10 ಬಡ್ಡಿ, ಎರಡು ವರ್ಷ. ಮೊದಲ ವರ್ಷದ ಬಡ್ಡಿ ಎರಡರಲ್ಲೂ 2,000. ಎರಡನೆಯ ವರ್ಷ ಚಕ್ರಬಡ್ಡಿಯಲ್ಲಿ ಹೆಚ್ಚುವರಿಯಾಗಿ ಬರುವುದು ಆ 2,000ದ ಮೇಲಿನ ಬಡ್ಡಿ, 200 ರೂಪಾಯಿ, ವ್ಯತ್ಯಾಸ ಅದೇ. ಮೂರು ವರ್ಷವಾದರೆ, 100 ಮೊದಲ ವರ್ಷದ ಕೊನೆಗೆ 110 ಆಗುತ್ತದೆ, ಆ 110ನ್ನು 1.1ರಿಂದ ಎರಡು ಬಾರಿ ಗುಣಿಸಿ 133.1, ಚಕ್ರಬಡ್ಡಿ ಶೇ. 33.1, ಸರಳ ಬಡ್ಡಿ ಶೇ. 30, ವ್ಯತ್ಯಾಸ ಶೇ. 3.1, ಅಂದರೆ 620 ರೂಪಾಯಿ. ಬಡ್ಡಿಯ ಮೇಲೆ ಬಡ್ಡಿ ಎಂದರೇನು ಎಂದು ತಿಳಿದವರಿಗೆ ಯಾವ ಅವಧಿಯ ಪ್ರಶ್ನೆಯೂ ಹೊಸದಲ್ಲ. ಅರ್ಥವಾದ ಮೇಲೆ ಸೂತ್ರವನ್ನು ಬಳಸಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅರ್ಥದ ಬದಲಿಗೆ ಸೂತ್ರವನ್ನು ಇಟ್ಟುಕೊಳ್ಳಬೇಡಿ.

ಬಾಯಿಪಾಠವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಯಿಪಾಠ ಆಗಬೇಕಾದವು ಬೇರೆ ಇವೆ. 20ರವರೆಗಿನ ಮಗ್ಗಿ, 30ರವರೆಗಿನ ವರ್ಗಗಳು, 12ರವರೆಗಿನ ಘನಗಳು, ಮತ್ತು ಭಿನ್ನರಾಶಿಗಳ ಶೇಕಡಾ ರೂಪ: 1/6 ಎಂದರೆ ಶೇ. 16 2/3, 1/7 ಎಂದರೆ ಶೇ. 14 2/7, 1/8 ಎಂದರೆ ಶೇ. 12 1/2, 1/9 ಎಂದರೆ ಶೇ. 11 1/9, 1/12 ಎಂದರೆ ಶೇ. 8 1/3. ಹಿಂದಿನ ತಲೆಮಾರಿನವರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಹೇಳುತ್ತಿದ್ದರು. ಅಂಗಡಿಯ ತಕ್ಕಡಿಯ ಮುಂದೆ ನಿಂತು ಕಾಗದವಿಲ್ಲದೆ ಲೆಕ್ಕ ಮಾಡಲು ಅವರಿಗೆ ಅದು ನೆರವಾಗುತ್ತಿತ್ತು. ಕ್ಯಾಲ್ಕ್ಯುಲೇಟರ್ ಒಯ್ಯಲು ಬಿಡದ ಪರೀಕ್ಷೆಯಲ್ಲಿ ನಿಮಗೂ ಬೇಕಾದ್ದು ಅದೇ. ಇದರ ಜೊತೆಗೆ ಅಂದಾಜಿನ ಅಭ್ಯಾಸವೂ ಬೇಕು. 2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ವಿಸ್ತೀರ್ಣ 10,291 ಚದರ ಕಿಲೋಮೀಟರ್. ಜನಸಾಂದ್ರತೆ ಎಷ್ಟು ಎಂದು ಕೇಳಿ 126, 140, 158, 171 ಎಂಬ ಆಯ್ಕೆಗಳನ್ನು ಕೊಟ್ಟರೆ ಉದ್ದ ಭಾಗಾಕಾರಕ್ಕೆ ಇಳಿಯಬೇಕೇ? 10,291ನ್ನು 140ರಿಂದ ಗುಣಿಸಿದರೆ 14 ಲಕ್ಷ 40 ಸಾವಿರದ ಸುತ್ತ ಬರುತ್ತದೆ, ಕೆಲಸ ಮುಗಿಯಿತು. 2001ರಲ್ಲಿ ಇದೇ ಜನಸಂಖ್ಯೆ 13,53,644 ಇತ್ತು. ಬೆಳವಣಿಗೆ ಶೇಕಡಾ ಎಷ್ಟು? ಹೆಚ್ಚಳ ಸುಮಾರು 83,500, ಶೇ. 1 ಎಂದರೆ ಸುಮಾರು 13,500. ಆರು ಬಾರಿಗೆ 81,000, ಉಳಿದದ್ದು 2,500, ಅದು 13,500ರ ಐದನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಉತ್ತರ ಆರಕ್ಕಿಂತ ಸ್ವಲ್ಪ ಮೇಲೆ, 6.2ರ ಒಳಗೆ, ನಿಜವಾದ ಉತ್ತರ 6.17. ದತ್ತಾಂಶ ಕೋಷ್ಟಕಗಳ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಅಂದಾಜಿನಿಂದಲೇ ಮುಗಿಯುತ್ತವೆ, ಆದರೆ ಆಯ್ಕೆಗಳು ಒಂದಕ್ಕೊಂದು ತೀರ ಹತ್ತಿರವಿದ್ದಾಗ ಮಾತ್ರ ಪೂರ್ತಿ ಲೆಕ್ಕ ಮಾಡಬೇಕು. ಆದ್ದರಿಂದ ಪ್ರಶ್ನೆಯ ಜೊತೆಗೆ ಆಯ್ಕೆಗಳನ್ನೂ ಮೊದಲೇ ಓದಿಕೊಳ್ಳುವ ರೂಢಿ ಒಳ್ಳೆಯದು.

ತಪ್ಪು ಉತ್ತರಕ್ಕೆ ಅಂಕ ಕಡಿತವಾಗುತ್ತದೆ ಎಂಬ ಭಯದ ಬಗ್ಗೆಯೂ ಲೆಕ್ಕದಿಂದಲೇ ಮಾತನಾಡೋಣ, ಏಕೆಂದರೆ ಇಲ್ಲಿ ಧೈರ್ಯ ಹೇಳುವುದಕ್ಕಿಂತ ಅಂಕಿ ಹೇಳುವುದು ಉಪಯುಕ್ತ. ನಾಲ್ಕು ಆಯ್ಕೆಗಳಿದ್ದು ತಪ್ಪಿಗೆ ಕಾಲು ಭಾಗ ಕಡಿತವಿದ್ದರೆ, ಏನೂ ತಿಳಿಯದೆ ಗುರುತು ಹಾಕಿದಾಗ ಸರಾಸರಿಯಲ್ಲಿ ಸಿಗುವುದು 1/4ರಲ್ಲಿ 3/16 ಕಳೆದು 1/16 ಅಂಕ. ಲಾಭ ಇದೆ, ಆದರೆ ತೀರ ಸಣ್ಣದು. ಕಡಿತ ಮೂರನೆಯ ಒಂದು ಭಾಗವಾದರೆ ಆ ಲಾಭ ಸೊನ್ನೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಐದು ಆಯ್ಕೆಗಳಿದ್ದು ಕಾಲು ಭಾಗ ಕಡಿತವಿರುವುದರಿಂದ ಅಲ್ಲೂ ಸೊನ್ನೆಯೇ. ಈಗ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪು ಎಂದು ನಿಮಗೆ ಗೊತ್ತಿದೆ ಎನ್ನಿ. ಮೂರನೆಯ ಒಂದು ಭಾಗ ಕಡಿತವಿರುವ ಪರೀಕ್ಷೆಯಲ್ಲೂ ಸರಾಸರಿ ಲಾಭ 1/9 ಅಂಕಕ್ಕೆ ಏರುತ್ತದೆ; ಎರಡು ಆಯ್ಕೆಗಳನ್ನು ತೆಗೆದುಹಾಕಬಲ್ಲಿರಾದರೆ 1/3 ಅಂಕಕ್ಕೆ. ಗಣಿತದಲ್ಲಿ ಹೀಗೆ ಆಯ್ಕೆಗಳನ್ನು ತೆಗೆದುಹಾಕುವುದು ಬೇರೆ ವಿಷಯಗಳಿಗಿಂತ ಸುಲಭ. ಉತ್ತರ ಬೆಸವೋ ಸಮವೋ, 9ರಿಂದ ಭಾಗವಾಗಬೇಕೋ ಬೇಡವೋ, ಕೊನೆಯ ಅಂಕಿ ಏನು, ಮೊದಲಿನ ಮೊತ್ತಕ್ಕಿಂತ ಹೆಚ್ಚಿರಬೇಕೋ ಕಡಿಮೆಯೋ ಎಂದು ಕೇಳಿಕೊಂಡರೆ ಒಂದೆರಡು ಆಯ್ಕೆಗಳು ಉದುರುತ್ತವೆ. ಒಣಮೀನಿನ ಲೆಕ್ಕದಲ್ಲಿ ಉತ್ತರ 25 ಕಿಲೋಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ ಎಂಬುದು ಲೆಕ್ಕ ಮಾಡುವ ಮೊದಲೇ ತಿಳಿಯುತ್ತದೆ. ಹೀಗೆ ಏನನ್ನೂ ತೆಗೆಯಲಾಗದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದೇ ಸರಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಭಾಷೆಯ ತೊಡಕು ಇದೆ, ಅದನ್ನು ಮುಚ್ಚಿಡುವುದು ಬೇಡ. ರೈಲ್ವೆ ಪರೀಕ್ಷೆಗಳನ್ನೂ ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದು. 2023ರ ಆರಂಭದಲ್ಲಿ ಸಿಬ್ಬಂದಿ ನೇಮಕಾತಿ ಆಯೋಗವೂ ಎಂ.ಟಿ.ಎಸ್. (ಬಹುಕಾರ್ಯ ಸಿಬ್ಬಂದಿ) ಮತ್ತು ಸಿ.ಎಚ್.ಎಸ್.ಎಲ್. (ಪಿಯುಸಿ ಮಟ್ಟದ ಸಂಯುಕ್ತ) ಪರೀಕ್ಷೆಗಳನ್ನು ಕನ್ನಡ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಿಗೆ ವಿಸ್ತರಿಸಿತು. ಸಿ.ಜಿ.ಎಲ್. ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಗಣಿತಕ್ಕೆ ಬೇಕಾದ ಇಂಗ್ಲಿಷ್ ಪದಗಳ ಸಂಖ್ಯೆ ಹೆಚ್ಚಿಲ್ಲ. ಶಾಲೆಯಲ್ಲಿ ಕಲಿತ ಅಸಲು, ರಿಯಾಯಿತಿ, ಲಾಭಾಂಶ, ಪರಿಧಿ, ಘನಫಲಗಳಿಗೆ ಇಂಗ್ಲಿಷ್ ಹೆಸರನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡು ಓದಿದರೆ ಕೆಲವೇ ವಾರಗಳಲ್ಲಿ ರೂಢಿಯಾಗುತ್ತದೆ. ಕನ್ನಡದಲ್ಲಿ ಬರೆಯುವವರೂ ಪ್ರಶ್ನೆಯ ವಾಕ್ಯ ಗೊಂದಲವೆನಿಸಿದರೆ ಇಂಗ್ಲಿಷ್ ರೂಪವನ್ನು ಒಮ್ಮೆ ನೋಡುವುದು ಒಳಿತು, ಏಕೆಂದರೆ ಅನುವಾದದಲ್ಲಿ ವ್ಯತ್ಯಾಸವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂದು ರೈಲ್ವೆಯ ಅಧಿಸೂಚನೆಗಳು ಹೇಳುತ್ತವೆ.

ಇನ್ನು ಓದುವ ಕ್ರಮ. ಮಾರುಕಟ್ಟೆಯ ದಪ್ಪ ಪುಸ್ತಕವನ್ನು ಮೊದಲ ದಿನವೇ ಕೊಳ್ಳಬೇಡಿ. ಆರರಿಂದ ಹತ್ತನೆಯ ತರಗತಿಯವರೆಗಿನ ಗಣಿತ ಪಠ್ಯಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿ ಪಡೆಯಬಹುದು. ಊರಿನ ಶಾಲೆಯ ಮಕ್ಕಳ ಬಳಿಯೂ ಇರುತ್ತವೆ. ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡಾ, ಲಾಭ ನಷ್ಟ, ಬಡ್ಡಿ, ಸರಾಸರಿ, ಕ್ಷೇತ್ರಗಣಿತ ಈ ಪಾಠಗಳ ಪ್ರತಿ ಉದಾಹರಣೆಯನ್ನೂ ಪುಸ್ತಕ ಮುಚ್ಚಿಟ್ಟು ಮತ್ತೆ ಬಿಡಿಸಿ. ಈ ಹಂತದಲ್ಲಿ ಗಡಿಯಾರ ನೋಡಬೇಡಿ. ಅರ್ಥವಾಗುವ ಮೊದಲೇ ವೇಗಕ್ಕೆ ಕೈ ಹಾಕಿದವರು ತಪ್ಪನ್ನೇ ವೇಗವಾಗಿ ಮಾಡಲು ಕಲಿಯುತ್ತಾರೆ. ದಿನಕ್ಕೆ ಒಂದೂವರೆ ಗಂಟೆ, ಎರಡು ತಿಂಗಳು ಇದಕ್ಕೆ ಕೊಡಿ. ಅದಾದ ಮೇಲೆ ನೀವು ಬರೆಯಲಿರುವ ಪರೀಕ್ಷೆಯ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಹಿಡಿಯಿರಿ, ಒಂದೊಂದು ಅಧ್ಯಾಯದಿಂದ ಎಷ್ಟು ಪ್ರಶ್ನೆ ಬಂದಿವೆ ಎಂದು ನೀವೇ ಎಣಿಸಿ. ಆಗ ನಿಮ್ಮ ಪರೀಕ್ಷೆಗೆ ತ್ರಿಕೋನಮಿತಿ ಎಷ್ಟು ಬೇಕು, ರೇಖಾಗಣಿತ ಎಷ್ಟು ಬೇಕು ಎಂಬುದು ತಿಳಿಯುತ್ತದೆ. ಸಿ.ಜಿ.ಎಲ್. ಬರೆಯುವವರಿಗೆ ಇವೆರಡೂ ಬೀಜಗಣಿತವೂ ಬಿಡಲಾಗದ ಭಾಗಗಳು. ಬ್ಯಾಂಕ್ ಪರೀಕ್ಷೆಯವರು ಅವುಗಳ ಬದಲು ಸರಳೀಕರಣ, ಸಂಖ್ಯಾಸರಣಿ ಮತ್ತು ದತ್ತಾಂಶ ಕೋಷ್ಟಕಗಳಿಗೆ ಆ ಸಮಯವನ್ನು ಕೊಡಬೇಕು.

ಅಭ್ಯಾಸ ಪರೀಕ್ಷೆಗಳನ್ನು ಬರೆಯುವುದಕ್ಕಿಂತ ಬರೆದ ಮೇಲೆ ಅವುಗಳ ಜೊತೆ ಕಳೆಯುವ ಹೊತ್ತು ಮುಖ್ಯ. ಒಂದು ಪ್ರತ್ಯೇಕ ನೋಟ್‌ಬುಕ್‌ನಲ್ಲಿ ತಪ್ಪಿದ ಪ್ರತಿಯೊಂದು ಪ್ರಶ್ನೆಯನ್ನೂ ಪೂರ್ತಿ ಬರೆದು, ಪಕ್ಕದಲ್ಲಿ ಕಾರಣವನ್ನು ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೋ, ಕೂಡಿ ಕಳೆಯುವಲ್ಲಿ ತಪ್ಪಿತೋ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೋ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪಠ್ಯಪುಸ್ತಕಕ್ಕೆ ಮರಳಬೇಕು, ಎರಡನೆಯದಕ್ಕೆ ಮಗ್ಗಿ ಮತ್ತು ಬಾಯಿಲೆಕ್ಕ ಹೆಚ್ಚಬೇಕು, ಮೂರನೆಯದಕ್ಕೆ ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದುವ ಅಭ್ಯಾಸ ಬೇಕು. ಕಂಪ್ಯೂಟರ್ ಪರೀಕ್ಷೆಗೆ ಹೋಗುವವರು ಪರದೆಯ ಮೇಲೆ ಪ್ರಶ್ನೆ ಓದಿ ಕೆಳಗಿನ ಕಾಗದದಲ್ಲಿ ಲೆಕ್ಕ ಮಾಡುವುದನ್ನು ಮೊದಲೇ ರೂಢಿಸಿಕೊಳ್ಳಬೇಕು. ಅಂಕಿಯನ್ನು ಇಳಿಸಿಕೊಳ್ಳುವಾಗ ಆಗುವ ತಪ್ಪುಗಳು ಕಡಿಮೆಯೇನಲ್ಲ. ಕೇಂದ್ರ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಬಂದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ರಾತ್ರಿಯಿಡೀ ಘಟ್ಟದ ಬಸ್ಸಿನಲ್ಲಿ ಕುಳಿತು ಬೆಳಗ್ಗೆ ಲೆಕ್ಕ ಬಿಡಿಸುವುದು ದೇಹಕ್ಕೂ ಬುದ್ಧಿಗೂ ಹೊರೆ.

ಮಾತು ಮುಗಿದ ಮೇಲೆ ಹೊನ್ನಾವರದ ಕಡೆಯಿಂದ ಬಂದಿದ್ದ ಅಭ್ಯರ್ಥಿಯೊಬ್ಬರು ಎದ್ದು ನಿಂತು, "ಸರ್, ನನಗೆ ಪರೀಕ್ಷೆಗೆ ಮೂರೇ ತಿಂಗಳು ಉಳಿದಿದೆ, ಎಲ್ಲ ಅಧ್ಯಾಯ ಮುಗಿಸಲು ಆಗುವುದಿಲ್ಲ, ಏನನ್ನು ಬಿಡಲಿ?" ಎಂದು ಕೇಳಿದರು. ಬಹಳ ಜನರ ಮನಸ್ಸಿನಲ್ಲಿದ್ದ ಪ್ರಶ್ನೆಯಾದ್ದರಿಂದ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಅವರು ಬರೆಯಲಿದ್ದದ್ದು ರೈಲ್ವೆ ಪರೀಕ್ಷೆ. ಭಿನ್ನರಾಶಿ, ಅನುಪಾತ, ಶೇಕಡಾ ಈ ಮೂರನ್ನು ಬಿಡುವಂತೆಯೇ ಇಲ್ಲ. ಲಾಭ ನಷ್ಟ, ಬಡ್ಡಿ, ಸರಾಸರಿ, ವೇಗ, ಕೆಲಸ, ಮಿಶ್ರಣ ಎಲ್ಲವೂ ಇವುಗಳ ಮೇಲೆ ನಿಂತಿವೆ. ಮೊದಲ ತಿಂಗಳು ಈ ಮೂರಕ್ಕೆ, ಎರಡನೆಯ ತಿಂಗಳು ಅವುಗಳ ಮೇಲೆ ನಿಂತ ಅಧ್ಯಾಯಗಳಿಗೆ ಮತ್ತು ಕ್ಷೇತ್ರಗಣಿತದ ವಿಸ್ತೀರ್ಣ, ಘನಫಲಗಳಿಗೆ, ಮೂರನೆಯ ತಿಂಗಳು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಕೊಡಬಹುದು. ತ್ರಿಕೋನಮಿತಿಯಲ್ಲಿ 30, 45, 60 ಡಿಗ್ರಿಗಳ ಬೆಲೆಗಳು ಮತ್ತು ಎತ್ತರ ದೂರದ ಸರಳ ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಬಿಡಬಹುದು. ವೃತ್ತಗಳ ಪ್ರಮೇಯಗಳನ್ನು ಈ ಸಲ ಪೂರ್ತಿ ಬಿಟ್ಟರೂ ಚಿಂತೆಯಿಲ್ಲ. ಗಣಿತದ 30 ಪ್ರಶ್ನೆಗಳಲ್ಲಿ 20ನ್ನು ತಪ್ಪಿಲ್ಲದೆ ಬಿಡಿಸಿದರೆ 20 ಅಂಕ. 28ಕ್ಕೆ ಕೈ ಹಾಕಿ 19 ಸರಿ, 9 ತಪ್ಪು ಮಾಡಿದರೆ, ಮೂರನೆಯ ಒಂದು ಭಾಗದ ಕಡಿತದಲ್ಲಿ 3 ಅಂಕ ಹೋಗಿ 16 ಉಳಿಯುತ್ತದೆ, ಆ ಎಂಟು ಹೆಚ್ಚುವರಿ ಪ್ರಶ್ನೆಗಳ ಹೊತ್ತು ಬೇರೆ ವಿಭಾಗಗಳಿಂದ ಕಳೆದುಹೋಗಿರುತ್ತದೆ.